ಆಮೆಯ ಕೈಲಿ ಹೇಳಿ ಕಳಿಸಿದ ಮಾತು

ಕೊಡೆಯವರ ಮನೆಯ ನಡುಸೊಸೆ ನಕ್ಕರೆ ಎರಡು ಮನೆಯಾಚೆಗೆ ಕೇಳಿಸುತ್ತಿತ್ತು. ಒಂದು ದಿನ ಆ ನಗು ಕೇಳದಿದ್ದರೆ ಪಕ್ಕದ ಮನೆಯಾಕೆ ಹಿತ್ತಿಲ ಗೋಡೆಯ ಮೇಲೆ ಗಲ್ಲವಿಟ್ಟು, 'ಏನಮ್ಮಾ, ಯಾರಿಗಾದ್ರೂ ಹುಷಾರಿಲ್ವಾ' ಎಂದು ವಿಚಾರಿಸುತ್ತಿದ್ದಳು. ನಗುವವರಿಗೆ ಕೊರತೆಯಿಲ್ಲ ಎಂದು ಜನ ತಿಳಿಯುತ್ತಾರೆ. ಬಹಳ ಕಾಲ ಅವಳೂ ಹಾಗೇ ತಿಳಿದಿದ್ದಳು.

ಮೂವರು ಅಣ್ಣತಮ್ಮಂದಿರ ಮನೆ. ಕೊಡೆ ಮಾಡುವುದು, ಮುರಿದ ಕೊಡೆ ರಿಪೇರಿ ಮಾಡುವುದು ಅಪ್ಪನ ಕಾಲದಿಂದ ಬಂದ ಕಸುಬು. ಬೀದಿಯ ಮೂಲೆಯಲ್ಲಿ ಅಂಗಡಿ, ಅಲ್ಲಿಂದ ಎರಡು ತಿರುವು ದಾಟಿದರೆ ಮನೆ. ಗಂಡಸರು ಅಂಗಡಿಯಲ್ಲಿ ಕೂತು ಕಡ್ಡಿ ನೆಟ್ಟಗೆ ಮಾಡಿ, ಸ್ಪ್ರಿಂಗ್ ಕೂರಿಸಿ, ಹಿಡಿ ಹಾಕುತ್ತಿದ್ದರು. ಹೆಂಗಸರು ಮನೆಯ ನಡುಕೋಣೆಯಲ್ಲಿ ಕೂತು ಬಟ್ಟೆಯ ಮೂಲೆಗಳನ್ನು ಕಡ್ಡಿಯ ತುದಿಗೆ ಸೇರಿಸಿ ಹೊಲಿಯುತ್ತಿದ್ದರು. ನಡುವಿನವನ ಹೆಂಡತಿಯಾದ್ದರಿಂದ ಅವಳು ನಡುಸೊಸೆ. ಮಕ್ಕಳಿಗೆ ನಡುವಮ್ಮ.

ಅವಳು ಮದುವೆಯಾಗಿ ಬಂದಾಗ ಅತ್ತೆ ಹಜಾರದ ನಡುವೆ ಮಣೆ ಹಾಕಿಕೊಂಡು ಕೂತಿರುತ್ತಿದ್ದರು. ಹಿರಿಯರ ಎದುರಿಗೆ ಗಂಡ ಹೆಂಡತಿ ಮುಖಾಮುಖಿ ಮಾತಾಡಿದರೆ ಅವರ ಹುಬ್ಬು ಮೇಲೇರಿ ಕೂದಲಿಗೆ ತಾಗುತ್ತಿತ್ತು. ಹಾಗಾಗಿ ಮಾತು ಸುತ್ತು ಹೊಡೆದು ಹೋಗುತ್ತಿತ್ತು, ಮಕ್ಕಳ ಮೂಲಕ, ನಾದಿನಿಯ ಮೂಲಕ, ಯಾರೂ ಸಿಗದಿದ್ದರೆ ಬೆಕ್ಕಿನ ಮೂಲಕ.

'ಬೆಕ್ಕೇ, ಊಟಕ್ಕೆ ಬರೋರು ಎಷ್ಟು ಹೊತ್ತಿಗೆ ಬರ್ತಾರಂತೆ, ಕೇಳು.'

'ಬೆಕ್ಕೇ, ಹಸಿವಾದ ಹೊತ್ತಿಗೆ ಬರ್ತಾರಂತೆ, ಹೇಳು.'

ಅತ್ತೆ ತೀರಿಕೊಂಡರು. ಮಣೆ ಅಟ್ಟಕ್ಕೆ ಹೋಯಿತು. ಕಿರಿಯ ಮೈದುನ ಬೀದಿಯಿಂದಲೇ ಹೆಂಡತಿಯ ಹೆಸರು ಹಿಡಿದು ಕೂಗುತ್ತ ಬರುವ ಕಾಲ ಬಂತು. ಆದರೆ ಈ ಇಬ್ಬರು ಮಾತ್ರ ಹಳೇ ದಾರಿ ಬಿಡಲಿಲ್ಲ. ರೂಢಿಯೆಂಬುದು ಕಾಲಿಗೆ ಒಗ್ಗಿದ ಚಪ್ಪಲಿ. ಸವೆದು ನೆಲ ತಾಗುತ್ತಿದ್ದರೂ ಹಾಕಿಕೊಂಡವರಿಗೆ ತಿಳಿಯುವುದಿಲ್ಲ. ಮನೆ ತುಂಬ ಜನ, ಮಾತು ದಾಟಿಸಲು ಯಾರಾದರೊಬ್ಬರು ಇದ್ದೇ ಇರುತ್ತಿದ್ದರು. ಬಹಳ ವರ್ಷ ಆ ಕೆಲಸ ಮಾಡಿದವಳು ಅವರ ಒಬ್ಬಳೇ ಮಗಳು. ಮದುವೆಯಾಗಿ ಹೊರಡುವ ದಿನ ಅವಳು, 'ಅಮ್ಮ, ಇನ್ಮೇಲೆ ನಿಮ್ಮಿಬ್ಬರ ಟಪಾಲು ಯಾರು ಹಂಚ್ತಾರೆ' ಎಂದು ಕೇಳಿದಾಗ ಅಳುತ್ತಿದ್ದವರೆಲ್ಲ ನಕ್ಕುಬಿಟ್ಟರು.

ನಡುಸೊಸೆಯ ಕೊರತೆ ಒಂದೇ. ಕೇಳಿದವರು ನಕ್ಕಾರೆಂದು ಯಾರಿಗೂ ಹೇಳಿರಲಿಲ್ಲ. ಆ ಮನೆಗೆ ಬಂದ ಮೇಲೆ ಅವಳು ಒಂದು ಕನಸಿನ ಕೊನೆಯನ್ನೂ ಕಂಡಿರಲಿಲ್ಲ. ಕನಸು ಶುರುವಾಗುತ್ತಿತ್ತು, ಚೆನ್ನಾಗಿಯೇ ಶುರುವಾಗುತ್ತಿತ್ತು. ಅಷ್ಟರಲ್ಲಿ, 'ನಡುವಮ್ಮಾ, ಬೀಗದಕೈ ಎಲ್ಲಿ', 'ಅಕ್ಕಾ, ನಲ್ಲೀಲಿ ನೀರು ಬಂತು', 'ಚಿಕ್ಕಮ್ಮಾ, ಮಗು ವಾಂತಿ ಮಾಡ್ತು'. ಒಂದು ಸಲ ಕನಸಿನಲ್ಲಿ ದೋಣಿ ಹತ್ತಿ ಕೂತಿದ್ದಳು. ಯಾರೋ ಸಕ್ಕರೆ ಡಬ್ಬ ಕೇಳಿ ಎಬ್ಬಿಸಿದರು. ದೋಣಿ ಯಾವ ದಡ ಸೇರಿತೋ ಇವತ್ತಿಗೂ ಗೊತ್ತಿಲ್ಲ.

ಅಂಗಡಿಯ ಮೇಲೆ ಒಂದು ಕೋಣೆಯಿತ್ತು. ಬಟ್ಟೆಯ ಉರುಳೆ, ಹಳೇ ಕಡ್ಡಿಯ ಕಟ್ಟುಗಳನ್ನು ತುಂಬಿದ್ದರು. ಮೆಟ್ಟಿಲಿಲ್ಲ, ಏಣಿ ಹಾಕಿ ಹತ್ತಬೇಕು. ಬಟ್ಟೆ ತರಲು ಅವಳೇ ಹತ್ತುತ್ತಿದ್ದಳು. ಹತ್ತಿದ ಮೇಲೆ ಕಿಟಕಿಯ ಹತ್ತಿರ ಒಂದು ಗಳಿಗೆ ನಿಲ್ಲುತ್ತಿದ್ದಳು. ಕೆಳಗೆ ಸುತ್ತಿಗೆಯ ಟಕ್ ಟಕ್ ಬಿಟ್ಟರೆ ಬೇರೆ ಸದ್ದಿಲ್ಲ. ಇಲ್ಲಿ ಒಂದು ಚಾಪೆ ಹಾಸಿದರೆ ಎಷ್ಟು ನಿದ್ದೆ ಬಂದೀತು ಎಂದುಕೊಂಡು, ಉರುಳೆಯನ್ನು ಹೆಗಲಿಗೇರಿಸಿ ಇಳಿದುಬಿಡುತ್ತಿದ್ದಳು.

ಮಕ್ಕಳು ದೊಡ್ಡವರಾದರು, ಮನೆ ಸಾಲದಾಯಿತು. ಒಂದು ಸಂಜೆ ಹಿರಿಯಣ್ಣ ನಡುವಿನವನನ್ನು ಕೂರಿಸಿಕೊಂಡು ಹೇಳಿದ: 'ನೋಡಪ್ಪ, ಹಿಂದಿನ ಕೋಣೆ ಮಧ್ಯೆ ಗೋಡೆ ಹಾಕಿಸಿದ್ರೆ ನಿಮ್ಮಿಬ್ಬರಿಗೆ ಅಲ್ಲೇ ಆಗುತ್ತೆ, ಅಡುಗೆಮನೆ ಒಂದೇ ಇರ್ಲಿ. ಇಲ್ಲಾಂದ್ರೆ ಅಂಗಡಿ ಮೇಲಿನ ಕೋಣೆಗೆ ಹೊರಗಿಂದ ಮೆಟ್ಟಿಲು ಕಟ್ಟಿಸೋಣ, ಅದು ನಿಮ್ಮದು. ತರಿಸಿರೋ ಇಟ್ಟಿಗೆ ಒಂದು ಕೆಲಸಕ್ಕೆ ಮಾತ್ರ ಸಾಕು. ಯಾವುದು ಅಂತ ನೀನೇ ಹೇಳು.'

ಒಳಗೆ ಪಾತ್ರೆ ತೊಳೆಯುತ್ತಿದ್ದ ನಡುಸೊಸೆಯ ಕೈ ನೀರಿನಲ್ಲೇ ನಿಂತಿತು. ಗಂಡ, 'ಯೋಚನೆ ಮಾಡಿ ಹೇಳ್ತೀನಿ ಅಣ್ಣ' ಎಂದ. ಯಾರನ್ನು ಕೇಳಿ ಯೋಚಿಸುತ್ತಾನೆ ಎಂದು ಅಣ್ಣ ಕೇಳಲಿಲ್ಲ, ತಮ್ಮ ಹೇಳಲಿಲ್ಲ.

ಆ ಹೊತ್ತಿಗೇ ಕೊಡೆಯ ಬಿಡಿಭಾಗ ಮಾರುವ ಕಂಪನಿಯವರು ಅವರ ಅಂಗಡಿಗೆ ಬಹುಮಾನ ಕೊಟ್ಟರು. ಇಬ್ಬರು ಪರದೇಶಕ್ಕೆ ಹೋಗಿ ಒಂದು ವಾರ ಹೋಟೆಲ್ಲಿನಲ್ಲಿದ್ದು ಬರಬಹುದು, ಖರ್ಚೆಲ್ಲ ಅವರದು. ಹಿರಿಯಣ್ಣ ಹೋಗಬೇಕಿತ್ತು; ಅವನ ಹೆಂಡತಿಗೆ ವಿಮಾನವೆಂದರೆ ತಲೆಸುತ್ತು. ಕಿರಿಯವನ ಹೆಂಡತಿಗೆ ಏಳು ತಿಂಗಳು. ಗಾಳಿಗೆ ಬಿದ್ದ ಹಣ್ಣಿನ ಹಾಗೆ ಪ್ರಯಾಣ ನಡುವಿನವರ ಮಡಿಲಿಗೆ ಬಿತ್ತು.

'ಗುರುವಾರದೊಳಗೆ ಅಲ್ಲಿಂದಲೇ ಫೋನ್ ಮಾಡಿ ಹೇಳು' ಎಂದ ಅಣ್ಣ, ವಿಮಾನ ಹತ್ತಿಸುವಾಗ. 'ಶುಕ್ರವಾರ ಬೆಳಗ್ಗೆ ಮೇಸ್ತ್ರಿ ಬರ್ತಾನೆ. ಅವನು ಒಂದ್ಸಲ ಕೈ ತಪ್ಪಿದ್ರೆ ಮತ್ತೆ ಸಿಗಲ್ಲ.'

ಹೋಟೆಲ್ಲು ದೊಡ್ಡ ಊರಿನ ಸಣ್ಣ ಬೀದಿಯಲ್ಲಿತ್ತು. ಹೊರಗಿನಿಂದ ನೋಡಿದರೆ ಇಕ್ಕಟ್ಟಿನ ಕಟ್ಟಡ. ಒಳಗೆ ಹೋದರೆ ಮುಗಿಯುವುದೇ ಇಲ್ಲ. ನಡೆಯುವ ಹಾದಿಯ ನೆಲ ಒಂದು ಕಡೆಗೆ ವಾಲಿತ್ತು. ಪೆಟ್ಟಿಗೆಯನ್ನು ಬಿಟ್ಟರೆ ತಾನೇ ಉರುಳಿಕೊಂಡು ಹೋಗಿ ಅವರ ಬಾಗಿಲಿಗೆ ಮುತ್ತಿಟ್ಟು ನಿಂತಿತು. ಬೀಗದಕೈಗೆ ತೆಂಗಿನಕಾಯಿ ಗಾತ್ರದ ಮರದ ಗುಂಡು ಕಟ್ಟಿದ್ದರು, ಯಾರೂ ಮರೆತು ಜೇಬಿನಲ್ಲಿ ಹಾಕಿಕೊಂಡು ಹೋಗದಿರಲೆಂದು. ಲಿಫ್ಟಿನಲ್ಲಿ ಒಬ್ಬ ಮುದುಕ ಕುರ್ಚಿ ಹಾಕಿಕೊಂಡು ಕೂತಿದ್ದ. ಯಾವ ಮಹಡಿ ಕೇಳಿದರೂ ಮೊದಲು ತುತ್ತತುದಿಗೆ ಕರೆದುಕೊಂಡು ಹೋಗಿ, ಗಾಜಿನ ಮಾಡಿನಿಂದ ಬೀಳುವ ಬೆಳಕನ್ನು ತೋರಿಸಿ, ತಲೆದೂಗಿ, ಆಮೇಲೆ ಇಳಿಸುತ್ತಿದ್ದ.

ಕೋಣೆಯ ಸುಖಕ್ಕೆ ಮಾತ್ರ ಎರಡು ಮಾತಿಲ್ಲ. ಹಾಸಿಗೆಯಲ್ಲಿ ಮಲಗಿದರೆ ಮುಳುಗಿದಂತೆ; ದಿಂಬುಗಳೇ ಒಂದು ಸಂಸಾರದಷ್ಟು. ಕಿಟಕಿಗೆ ಕಂಬಳಿಯಂಥ ಪರದೆ. ಸ್ನಾನದ ತೊಟ್ಟಿಯನ್ನು ಮಾತ್ರ ಯಾವ ಪುಣ್ಯಾತ್ಮನೋ ಮಂಚಕ್ಕೂ ಕಿಟಕಿಗೂ ನಡುವೆ ತಂದಿಟ್ಟಿದ್ದ. ಎರಡು ಕುರ್ಚಿಗಳಿದ್ದವು, ಒಂದು ಗಿಡ್ಡ, ಒಂದು ಎತ್ತರ. ಗಂಡ ಹೆಂಡತಿ ಎದುರು ಕೂತರೆ ಒಬ್ಬರು ದೂರು ಕೊಡಲು ಬಂದವರಂತೆಯೂ ಇನ್ನೊಬ್ಬರು ತೀರ್ಪು ಹೇಳುವವರಂತೆಯೂ ಕಾಣುತ್ತಿದ್ದರು. ಬಾಗಿಲಿನ ಬುಡದಲ್ಲಿ ಒಂದು ಪುಟ್ಟ ಬಾಗಿಲು ಕೊರೆದಿತ್ತು, ತಳ್ಳಿದರೆ ತೆರೆದು ಮುಚ್ಚಿಕೊಳ್ಳುವಂಥದು.

'ಇದೇನು, ಇಲಿ ಓಡಾಡೋಕಾ' ಎಂದು ನಡುಸೊಸೆ ಕಂಪನಿಯ ಗೈಡ್ ಹೆಂಗಸನ್ನು ಕೇಳಿದಳು. ಇವರ ಭಾಷೆ ಬರುತ್ತಿದ್ದವಳು ಅಲ್ಲಿ ಅವಳೊಬ್ಬಳೇ.

'ಇಲಿಗಲ್ಲ ಆಂಟಿ, ಆಮೆಗೆ. ಹೋಟೆಲ್ ಯಜಮಾನಿ ಅಜ್ಜಿ ಚಿಕ್ಕವರಿದ್ದಾಗ ಸಾಕಿದ್ದು. ಅದಕ್ಕೆ ಇಷ್ಟ ಬಂದ ರೂಮಿಗೆ ಬರುತ್ತೆ, ಇಷ್ಟ ಬಂದಾಗ ಹೋಗುತ್ತೆ. ಯಾರೂ ತಡೆಯೋ ಹಾಗಿಲ್ಲ.'

'ಬಾಡಿಗೆ ಕೊಡುತ್ತಾ' ಎಂದ ಗಂಡ.

'ಇಲ್ಲ ಅಂಕಲ್.'

'ಹಾಗಾದ್ರೆ ನಮ್ಮ ಹಾಗೇ ಬಿಡು, ಬಹುಮಾನದಲ್ಲಿ ಬಂದಿರೋದು.'

ಗೈಡ್ ನಗುತ್ತ ಹೋದಳು. ಬಾಗಿಲು ಮುಚ್ಚಿತು. ಆಗ ಅವರಿಬ್ಬರಿಗೂ ಒಟ್ಟಿಗೇ ಒಂದು ಸಂಗತಿ ಅರಿವಾಯಿತು. ಕೋಣೆಯಲ್ಲಿ ಮೂರನೆಯವರು ಇರಲಿಲ್ಲ.

ಗಂಡ ಕೆಮ್ಮಿದ. ಹೆಂಡತಿ ಸೆರಗು ಸರಿಮಾಡಿಕೊಂಡಳು. ಅವನು ಪೆಟ್ಟಿಗೆಯ ಕಡೆ ತಿರುಗಿ, 'ಇಲ್ಲಿ ಊಟ ಎಷ್ಟು ಹೊತ್ತಿಗೋ ಏನೋ' ಎಂದ. ಪೆಟ್ಟಿಗೆ ಏನು ಹೇಳೀತು. ಅವಳು ಸ್ನಾನದ ತೊಟ್ಟಿಗೆ, 'ಹಸಿವಾದವರು ಕೆಳಗೆ ಹೋಗಿ ಕೇಳಬಹುದಿತ್ತಪ್ಪ' ಎಂದಳು. ಮನೆಯಲ್ಲಿ ಕಂಬಕ್ಕೆ ಹೇಳಿದರೂ ಅದಕ್ಕೊಂದು ಅರ್ಥವಿರುತ್ತಿತ್ತು, ಆಸುಪಾಸಿನಲ್ಲಿ ಕೇಳುವ ಕಿವಿಗಳಿರುತ್ತಿದ್ದವು. ಇಲ್ಲಿ ತೊಟ್ಟಿಗೆ ಹೇಳಿದರೆ ಬುದ್ಧಿ ಕೆಟ್ಟವರ ಹಾಗೆ. ಇಬ್ಬರೂ ನಾಚಿ ಸುಮ್ಮನಾದರು. ಆ ಸಂಜೆ ಹಸಿದುಕೊಂಡೇ ಮಲಗುವುದಿತ್ತು, ಹೋಟೆಲ್ಲಿನ ಅಜ್ಜಿ ತಾನೇ ಸೂಪು, ಬ್ರೆಡ್ಡು ಕಳಿಸದಿದ್ದರೆ.

ಮರುದಿನ ಬೆಳಗ್ಗೆ ಪುಟ್ಟ ಬಾಗಿಲು ಟಪ್ಪೆಂದಿತು. ಮೊದಲು ಸುಕ್ಕುಗಟ್ಟಿದ ತಲೆ ಬಂತು, ಆಮೇಲೆ ತಟ್ಟೆಯಗಲದ ಬೆನ್ನು. ಆಮೆ ಕೋಣೆಯ ನಡುವಿಗೆ ಬಂದು, ಕತ್ತು ಚಾಚಿ, ಒಬ್ಬರನ್ನು ನೋಡಿ ಇನ್ನೊಬ್ಬರನ್ನು ನೋಡಿತು. ಸಾಲದ್ದಕ್ಕೆ ಕಣ್ಣು ಮುಚ್ಚಿ ತೆರೆಯಿತು, ಸರಿ ಹೇಳಿ ಎನ್ನುವ ಹಾಗೆ.

'ನಮ್ಮ ದೊಡ್ಡಪ್ಪನ ಮುಖವೇ' ಎಂದು ಅವಳ ಬಾಯಿಂದ ಬಂದುಬಿಟ್ಟಿತು.

'ದೊಡ್ಡಪ್ಪ' ಎಂದ ಗಂಡ, ಆಮೆಯ ಕಡೆ ಬಗ್ಗಿ, ಗೌರವದಿಂದಲೇ. 'ರಾತ್ರಿ ನಿದ್ದೆ ಬಂತಂತಾ, ಕೇಳಿ.'

'ಬಂತಂತೆ ಅಂತ ಹೇಳಿ ದೊಡ್ಡಪ್ಪ. ಕಲ್ಲು ನೀರಿಗೆ ಬಿದ್ದ ಹಾಗೆ ಬಂತಂತೆ. ಅವರಿಗೆ?'

'ಅವರಿಗೆ ಇಲ್ಲವಂತೆ. ಒಂದು ಗೊರಕೆ ಇಲ್ಲ, ಒಂದು ಕೆಮ್ಮಿಲ್ಲ. ಇಷ್ಟು ಸದ್ದಿಲ್ಲದ ಕಡೆ ಮನುಷ್ಯ ಹೇಗೆ ಮಲಗ್ತಾನೆ ಅಂತ ಕೇಳ್ತಿದಾರೆ.'

ಅಂದಿನಿಂದ ಅವರ ದಿನ ಆಮೆಯ ಕಾಲಿನ ಲೆಕ್ಕದಲ್ಲಿ ನಡೆಯಿತು. ಅದು ಬೆಳಗ್ಗೆ ಬಂದಾಗ ಬೆಳಗಿನ ಮಾತು, ಮಧ್ಯಾಹ್ನ ಬಂದರೆ ಮಧ್ಯಾಹ್ನದ ಮಾತು. ಅದು ಹೊರಟಿತೆಂದರೆ ಅಷ್ಟಕ್ಕೇ ನಿಂತಿತು. ಹೇಳುತ್ತಿದ್ದವರು ಬಾಯಿ ಮುಚ್ಚಿಕೊಳ್ಳುತ್ತಿದ್ದರು. ತಿಂಡಿಯ ಮೇಜಿನಿಂದ ಅವಳು ಒಂದೆರಡು ಸೊಪ್ಪಿನ ಎಲೆ ಸೆರಗಿನಲ್ಲಿ ಮುಚ್ಚಿ ತರತೊಡಗಿದಳು, ದೊಡ್ಡಪ್ಪ ಇನ್ನೊಂದು ಗಳಿಗೆ ಕೂರಲಿ ಎಂದು. ಹೊರಗೆ ಹೋದಾಗ ಆ ಕೆಲಸ ಗೈಡಿನ ಪಾಲಿಗೆ ಬರುತ್ತಿತ್ತು.

'ನೋಡಮ್ಮ, ಅವರಿಗೆ ಸ್ವೆಟರ್ ಹಾಕ್ಕೊಳ್ಳೋಕೆ ಹೇಳು.'

'ಅಂಕಲ್ ನಿಮ್ಮ ಪಕ್ಕದಲ್ಲೇ ಇದ್ದಾರಲ್ಲ ಆಂಟಿ.'

'ಇದ್ದಾರೆ, ಆದ್ರೂ ನೀನೊಂದು ಮಾತು ಹೇಳು.'

ಆ ಊರಿನ ಮಳೆ ನೆನೆಸುವ ಮಳೆಯಲ್ಲ. ಹಿಟ್ಟು ಜರಡಿ ಹಿಡಿದಂತೆ ಉದುರುತ್ತಲೇ ಇರುತ್ತಿತ್ತು. ಬೀದಿ ತುಂಬ ಕೊಡೆಗಳು ಸದ್ದಿಲ್ಲದೆ ತೇಲಿ ಹೋಗುತ್ತಿದ್ದವು. ಗಂಡ ಹೆಂಡತಿ ಅರಮನೆ ನೋಡಲಿಲ್ಲ, ಗೋಪುರ ನೋಡಲಿಲ್ಲ. ಸೇತುವೆಯ ಮೇಲೆ ನಿಂತು ಕೊಡೆಗಳನ್ನು ನೋಡಿದರು. ಒಬ್ಬಾಕೆಯ ಕೊಡೆಯಲ್ಲಿ ಒಂದು ಕಡ್ಡಿ ಮುರಿದು ಜೋತಿತ್ತು. ಗಂಡನ ಬೆರಳು ತಾನಾಗಿ ಮಿಡುಕಿತು. ಅದನ್ನು ನೋಡಿದ್ದು ಹೆಂಡತಿ ಮಾತ್ರ. ಅವಳಿಗೆ ನಗು ಬಂತು. ನಕ್ಕಳು. ಅಷ್ಟು ದೊಡ್ಡ ಊರಿನಲ್ಲಿ ಆ ನಗು ಯಾಕೆಂದು ತಿಳಿದವನು ಅವನೊಬ್ಬನೇ. ಅವನೂ ತುಟಿಯಂಚಿನಲ್ಲಿ ನಕ್ಕ.

ಮಧ್ಯಾಹ್ನ ಅವಳು ಪರದೆ ಎಳೆದು ಮಲಗುತ್ತಿದ್ದಳು. ಮಲಗಿದವಳನ್ನು ಯಾರೂ ಕೂಗುತ್ತಿರಲಿಲ್ಲ. ಮೊದಲೆರಡು ದಿನ ಕೂಗಿಗಾಗಿ ಕಾಯ್ದು ಕಾಯ್ದು ಕನಸುಗಳೇ ಅರ್ಧಕ್ಕೆ ನಿಂತವು, ಬಾಗಿಲವರೆಗೆ ಬಂದು ಒಳಗೆ ಬರಲೋ ಬೇಡವೋ ಎಂದು ಹಿಂಜರಿಯುವ ನೆಂಟರ ಹಾಗೆ. ಗಂಡ ಮಾತ್ರ ಹಗಲೂ ಮಲಗಲಿಲ್ಲ, ಇರುಳೂ ಮಲಗಲಿಲ್ಲ. ಎತ್ತರದ ಕುರ್ಚಿಯಲ್ಲಿ ಕೂತು ಕಾಲಾಡಿಸುವನು. ಲಿಫ್ಟಿನ ಮುದುಕನ ಜೊತೆ ಮೇಲಕ್ಕೂ ಕೆಳಕ್ಕೂ ಹೋಗಿ ಬರುವನು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೂ ಅರ್ಧ ದಿನ ಮಾತಾಡುತ್ತಿದ್ದರು.

ಬುಧವಾರ ಮಧ್ಯಾಹ್ನ ಅವಳು ಗಟ್ಟಿ ಮನಸ್ಸು ಮಾಡಿದಳು. ಮೇಲಿನ ಕೋಣೆ ಬೇಕೆಂದು ಹೇಳಿಬಿಡಬೇಕು. ಗೈಡಿನ ಮೂಲಕ ಹೇಳುವ ಮಾತಲ್ಲ ಇದು, ಮನೆಯ ಮಾತು. ಎರಡು ಎಲೆ ಎತ್ತಿಟ್ಟುಕೊಂಡು ಕಾದಳು. ದೊಡ್ಡಪ್ಪ ಬಂತು. ಗಂಡ ಗಿಡ್ಡ ಕುರ್ಚಿಯಲ್ಲಿ ಕೂತು ಹೋಟೆಲ್ಲಿನ ಒಂದು ಹಳೇ ಕೊಡೆಯ ಸ್ಪ್ರಿಂಗ್ ಸರಿಮಾಡುತ್ತಿದ್ದ.

ಬೇಕು ಎಂಬ ಮಾತನ್ನು ಬಾಯಿಗೆ ಬಂದಂತೆ ಹೇಳಿ ಅಭ್ಯಾಸವಿಲ್ಲದವಳು. ಮನೆಯನ್ನು ಮೊದಲು ಹೊಗಳಿ, ಆಮೇಲೆ ಆದರೆ ಎನ್ನಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದಳು.

'ದೊಡ್ಡಪ್ಪ, ಅಷ್ಟು ಜನರ ಮನೆ ಬಿಟ್ಟಿರೋದು ಅಂದ್ರೆ ಸುಲಭನಾ' ಎಂದು ಶುರುಮಾಡಿದಳು. 'ಅಕ್ಕ ಇದ್ದಾರೆ, ತಂಗಿ ಹಾಗಿರೋ ಓರಗಿತ್ತಿ ಇದ್ದಾಳೆ. ಒಬ್ಬರಿಗೆ ಜ್ವರ ಬಂದ್ರೆ ನಾಲ್ಕು ಜನ ಕಷಾಯ ಕುದಿಸ್ತಾರೆ. ಮಕ್ಕಳ ಗಲಾಟೆ, ನಗು, ಜಗಳ. ಎಷ್ಟು ದಿನವಾದ್ರೂ ಬೇಜಾರು ಅನ್ನೋದು ಹತ್ತಿರ ಸುಳಿಯಲ್ಲ. ಆ ಮನೇಲಿ ನನಗೆ ಏನು ಕಡಿಮೆಯಾಗಿದೆ, ಹೇಳಿ.'

ಉಸಿರು ತೆಗೆದುಕೊಳ್ಳಲು ನಿಂತಳು. ಆದರೆ ಎನ್ನುವ ಪದ ನಾಲಿಗೆಯ ತುದಿಯಲ್ಲಿತ್ತು. ಆಮೆ ಎಲೆಯ ಕೊನೆಯ ಚೂರು ನುಂಗಿ, ತಿರುಗಿ, ನಿಧಾನವಾಗಿ ಬಾಗಿಲ ಕಡೆ ನಡೆಯಿತು. ಟಪ್ಪೆಂದು ಪುಟ್ಟ ಬಾಗಿಲು ಮುಚ್ಚಿಕೊಂಡಿತು.

ಕರೆಯುವುದಕ್ಕೆ ಕೈಯೆತ್ತಿದವಳು ಹಾಗೇ ಇಳಿಸಿದಳು. ಗಂಡ ಸ್ಪ್ರಿಂಗನ್ನು ಬೆರಳಿನಿಂದ ಒತ್ತಿ ಬಿಟ್ಟ. ಅವನ ಮುಖದಲ್ಲಿ ಎಷ್ಟೋ ದಿನದ ಭಾರ ಇಳಿದಂತಿತ್ತು.

ಸಂಜೆ ಗೈಡ್ ಬಂದಾಗ ಅವನು ಕೇಳಿದ: 'ನಾಳೆ ತಿಂಡಿ ಆದ ಮೇಲೆ ಊರಿಗೊಂದು ಫೋನ್ ಮಾಡಬೇಕಲ್ಲಮ್ಮ, ಇಲ್ಲಿ ಹೇಗೆ?'

'ಕೆಳಗೆ ಮೆಟ್ಟಿಲ ಪಕ್ಕ ಗಾಜಿನ ಗೂಡಿದೆಯಲ್ಲ ಅಂಕಲ್, ಅಲ್ಲಿಂದ ಮಾಡಿ. ಏನಾದ್ರೂ ಅರ್ಜೆಂಟಾ?'

'ಏನಿಲ್ಲ. ಮನೇಲೇ ಇರೋದು ಅಂತ ತೀರ್ಮಾನ ಆಯ್ತು, ಗೋಡೆ ಹಾಕ್ಸು ಅಂತ ಅಣ್ಣಂಗೆ ಹೇಳ್ಬೇಕು. ಮನೇಲಿ ಇವರಿಗೂ ಅದೇ ಇಷ್ಟವಂತೆ.'

ನಡುಸೊಸೆಗೆ ಆಗ ತಿಳಿಯಿತು. ಪೀಠಿಕೆಯನ್ನೇ ಮಾತು ಎಂದುಕೊಂಡಿದ್ದ. ತಪ್ಪು ಅವನದಲ್ಲ, ಅವಳದೂ ಅಲ್ಲ. ದೊಡ್ಡಪ್ಪನ ಹೊಟ್ಟೆ ಬೇಗ ತುಂಬಿತ್ತು. ಬೆಳಗ್ಗೆ ಅದು ಹೇಗೂ ಬರುತ್ತದೆ, ಬೇಗ ಎದ್ದು ಉಳಿದರ್ಧ ಹೇಳಿಬಿಡುತ್ತೇನೆ ಎಂದುಕೊಂಡು ಅವಳು ಮಲಗಿದಳು.

ಬೇಗ ಏಳಬೇಕೆಂದವಳಿಗೆ ಅವತ್ತೇ ಆ ಕನಸು ಬರಬೇಕಿತ್ತೇ.

ಅವಳೊಂದು ಕೊಡೆಯ ಕೆಳಗಿದ್ದಳು. ಎಂಥ ಕೊಡೆ ಅಂದರೆ ಆಕಾಶದಷ್ಟು ದೊಡ್ಡದು. ಕಡ್ಡಿಗಳು ಮಾಡಿನ ತೊಲೆಗಳ ಹಾಗೆ ತಲೆಯ ಮೇಲೆ ಬಾಗಿ ದೂರಕ್ಕೆ ಹೋಗಿದ್ದವು. ಪ್ರತಿ ತುದಿಯಲ್ಲೂ ಹೊಲಿಗೆ. ತನ್ನದೇ ಕೈಯ ಹೊಲಿಗೆ ಎಂದು ಗುರುತು ಸಿಕ್ಕಿತು. ಬಟ್ಟೆಯ ಮೇಲೆ ಮಳೆ ಮೆಲ್ಲಗೆ ಬೆರಳಾಡಿಸುತ್ತಿತ್ತು. ಅವಳು ನಡೆದಳು. ಈಗ ಯಾರೋ ಕೂಗುತ್ತಾರೆ ಎಂದುಕೊಂಡಳು. ಯಾರೂ ಕೂಗಲಿಲ್ಲ. ಮತ್ತೆ ನಡೆದಳು. ಕೊಡೆಯ ಅಂಚು ಬಂತು. ಅಂಚಿನಾಚೆ ಬಿಸಿಲು ಬಿದ್ದ ಬಯಲು, ಬಯಲಿನಲ್ಲಿ ಏನೂ ಇರಲಿಲ್ಲ. ಕೂತಳು. ಹುಲ್ಲು ತಣ್ಣಗಿತ್ತು. ಬಹಳ ಹೊತ್ತು ಕೂತೇ ಇದ್ದಳು. ಆಮೇಲೆ ಕನಸು ಉರಿದು ಮುಗಿದ ದೀಪದ ಹಾಗೆ ತಾನಾಗಿ ಮುಗಿಯಿತು. ಅವಳೂ ತಾನಾಗಿ ಕಣ್ಣು ಬಿಟ್ಟಳು.

ಕನಸಿನ ಕೊನೆ ಹೀಗಿರುತ್ತದೆ ಎಂದು ಅವಳಿಗೆ ತಿಳಿದಿರಲಿಲ್ಲ. ಏನೂ ಆಗುವುದಿಲ್ಲ, ಕೂತಿರಬಹುದು, ಅಷ್ಟೆ.

ಪರದೆಯ ಸಂದಿಯಿಂದ ಬಿಸಿಲು ಬಂದಿತ್ತು. ಪಕ್ಕದ ಹಾಸಿಗೆ ಖಾಲಿ. ಅವನ ಕನ್ನಡಕವಿಲ್ಲ, ಚಪ್ಪಲಿಯಿಲ್ಲ. ತಿಂಡಿಯ ಹೊತ್ತು ಮೀರಿದೆ. ಫೋನ್ ಮಾಡಲು ಹೋಗಿದ್ದಾನೆ.

ತಲೆ ಬಾಚದೆ ಬಾಗಿಲು ತೆರೆದಳು. ಆಮೆ ಹಾದಿಯ ತುದಿಯಲ್ಲಿ, ಕಿಟಕಿಯ ಬಿಸಿಲಿನಲ್ಲಿ ಕೂತಿತ್ತು. ಅವಳು ಓಡಿ ಹೋಗಿ, 'ತಪ್ಪು ತಿಳ್ಕೋಬೇಡಿ ದೊಡ್ಡಪ್ಪ' ಎಂದು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ರುಬ್ಬುವ ಕಲ್ಲಿನ ಭಾರ. ಲಿಫ್ಟ್ ಹತ್ತಿದರೆ ಮುದುಕ ಮೊದಲು ಬೆಳಕು ತೋರಿಸಲು ಮೇಲಕ್ಕೆ ಒಯ್ಯುತ್ತಾನೆ. ಮೆಟ್ಟಿಲು ಹಿಡಿದಳು. ಎದುರಿಗೆ ಬಂದ ಪರದೇಶದ ದಂಪತಿಗಳು ಗೋಡೆಗೆ ಒರಗಿ ದಾರಿ ಬಿಟ್ಟರು. ಆ ಹೋಟೆಲ್ಲಿನಲ್ಲಿ ಇದೂ ಒಂದು ಪದ್ಧತಿಯಿರಬೇಕೆಂದುಕೊಂಡರೋ ಏನೋ, ತಲೆಬಾಗಿ ನಮಸ್ಕಾರವನ್ನೂ ಮಾಡಿದರು.

ಗಾಜಿನ ಗೂಡಿನ ಬಾಗಿಲು ತೆರೆದೇ ಇತ್ತು. ಗಂಡ ಒಳಗೆ ಕೆಂಪು ಮೆತ್ತೆಯ ಮೇಲೆ ಕೂತು, ಫೋನನ್ನು ಕಿವಿಗೊತ್ತಿ, 'ಹಲೋ, ಅಣ್ಣಾ, ಕೇಳಿಸ್ತಿದೆಯಾ' ಎನ್ನುತ್ತಿದ್ದ.

ಅವಳು ಏದುಸಿರು ಬಿಡುತ್ತ ಆಮೆಯನ್ನು ಅವನ ಕಾಲ ಬಳಿ ಇಳಿಸಿದಳು. 'ದೊಡ್ಡಪ್ಪ' ಎಂದಳು. ಆಮೆ ತಲೆಯನ್ನೂ ಕಾಲುಗಳನ್ನೂ ಒಳಕ್ಕೆ ಎಳೆದುಕೊಂಡಿತ್ತು. ಅಷ್ಟು ಎತ್ತರದಿಂದ ಅಷ್ಟು ವೇಗವಾಗಿ ಅದು ಹುಟ್ಟಿದ ಮೇಲೆ ಇಳಿದಿರಲಿಲ್ಲ. ತಟ್ಟಿದಳು. ಬಗ್ಗಿ ನೋಡಿದಳು. ಒಳಗೆ ಬರೀ ಕತ್ತಲು. ಕೇಳುವವರು ಮನೆಯಲ್ಲಿಲ್ಲ.

'ಹೂಂ ಹೇಳಪ್ಪ' ಎಂದು ಫೋನಿನಲ್ಲಿ ಅಣ್ಣನ ದನಿ ಸಣ್ಣಗೆ ಕೇಳಿಸಿತು. 'ಯಾವುದು, ಗೋಡೆನಾ ಮೆಟ್ಟಿಲಾ?'

ಗಂಡ ಬಾಯಿ ತೆರೆದ.

'ಇಲ್ಲಿ ಕೇಳಿ' ಎಂದಳು ಹೆಂಡತಿ. ಆಮೆಗಲ್ಲ. 'ನನಗೆ ಮೇಲಿನ ಕೋಣೆ ಬೇಕು.'

ಅವನು ಅತ್ತಿತ್ತ ನೋಡಿದ, ಯಾರಿಗೆ ಹೇಳಿದಳು ಎಂದು. ಯಾರೂ ಇರಲಿಲ್ಲ. ಅವನ ಕಿವಿಯ ತುದಿ ಕೆಂಪಾಯಿತು.

'ನಿನ್ನೆ ಮನೆ ಅಂದ್ರೆ ಇಷ್ಟ ಅಂತ ಬಂತಲ್ಲ' ಎಂದ, ತನ್ನ ಮೊಣಕಾಲಿಗೆ.

'ಇಷ್ಟವೇ. ಇಷ್ಟ ಇಲ್ಲ ಅಂದ್ನಾ? ಆದ್ರೆ ಅನ್ನೋದರೊಳಗೆ ಅದು ಎದ್ದು ಹೋಯ್ತು. ಮೊಣಕಾಲಿಗೆ ಹೇಳಬೇಡಿ, ನನಗೆ ಹೇಳಿ. ಆ ಮನೇಲಿ ನಾನು ಒಂದು ಕನಸನ್ನೂ ಕೊನೆತನಕ ನೋಡಿಲ್ಲ. ಇವತ್ತು ನೋಡಿದೆ. ನಗಬೇಡಿ.'

'ನಾನೆಲ್ಲಿ ನಕ್ಕೆ.'

'ನನಗೆ ಬಂಗಾರ ಬೇಡ, ಸೀರೆ ಬೇಡ. ನಿದ್ದೆ ಬಂದಾಗ ಮಲಗಬೇಕು, ಮುಗಿದಾಗ ಏಳಬೇಕು. ಹಗಲೆಲ್ಲ ಮನೆಗೆ ಬಂದು ದುಡೀತೀನಿ, ಎರಡು ತಿರುವು ದಾಟಿದ್ರೆ ಮನೆ. ಹೋಗೋದು ಪರದೇಶಕ್ಕಲ್ಲ.'

ಫೋನು 'ಹಲೋ, ಹಲೋ' ಎನ್ನುತ್ತಿತ್ತು. ಗಂಡ ಅದನ್ನು ಬಾಯಿಯ ಹತ್ತಿರ ತಂದು ಹೇಳಿದ: 'ಅಣ್ಣ, ಸ್ವಲ್ಪ ತಡಿ. ನನ್ನ ಹೆಂಡತಿ ಮಾತಾಡ್ತಿದ್ದಾಳೆ.'

ಆ ಕಡೆ ಸದ್ದು ನಿಂತಿತು. ಸಮುದ್ರಗಳಾಚೆ ಹಿರಿಯಣ್ಣ ಬಾಯಿ ಬಿಟ್ಟುಕೊಂಡು ನಿಂತದ್ದು ಇಲ್ಲಿಗೇ ಕಾಣುವಂತಿತ್ತು.

ಗಂಡ ಅವಳ ಮುಖ ನೋಡಿದ. ನೋಡಿದ ಮುಖವೇ, ಆದರೂ ಹೊಸದಾಗಿ ಅಂಗಡಿಗೆ ಬಂದ ಕೊಡೆಯನ್ನು ಬಿಚ್ಚಿ ನೋಡುವ ಹಾಗೆ ನೋಡಿದ. 'ನನಗೆ ಅಲ್ಲಿ ನಿದ್ದೆ ಬರಲ್ಲ ಕಣೇ' ಎಂದ. 'ಸುಳ್ಳಲ್ಲ. ಇಷ್ಟು ದಿನ ನೋಡಿದೆಯಲ್ಲ. ಆ ಕಡೆ ಅಣ್ಣ, ಈ ಕಡೆ ತಮ್ಮ ಗೊರಕೆ ಹೊಡೀದೆ ಇದ್ರೆ ನನಗೆ ಎದೆ ಖಾಲಿ ಅನ್ಸುತ್ತೆ. ಆಗ ಯಾರನ್ನ ಎಬ್ಬಿಸಲಿ?'

'ನನ್ನನ್ನ ಮಾತ್ರ ಎಬ್ಬಿಸಬೇಡಿ.'

ಅವನಿಗೆ ತಡೆಯಲಾಗದೆ ನಗು ಬಂತು. ಅವಳಿಗೂ ಬಂತು. ಗಾಜಿನ ಗೂಡು ಗಡಗಡ ನಡುಗಿತು. ಹೋಟೆಲ್ಲಿನ ಅಜ್ಜಿ ಬಂದು, ಇಬ್ಬರನ್ನೂ ನೋಡಿ, ಏನೂ ಕೇಳದೆ ತನ್ನ ಆಮೆಯನ್ನು ಎತ್ತಿಕೊಂಡು ಹೋದಳು.

'ಹಾಗಲ್ಲ' ಎಂದಳು ಹೆಂಡತಿ ಕಣ್ಣೊರೆಸಿಕೊಂಡು, ಈಗ ದನಿ ತಗ್ಗಿಸಿ. 'ನಿದ್ದೆ ಬರದ ದಿನ ಮನೆಗೆ ಹೋಗಿ ಮಲ್ಕೊಳ್ಳಿ. ಯಾರು ಬೇಡ ಅಂತಾರೆ. ಬೆಳಗ್ಗೆ ಬನ್ನಿ.'

'ಜನ ಏನಂತಾರೆ?'

'ನಾವು ಮಾತಾಡದೆ ಇದ್ದಾಗ ಏನಂದ್ರು? ಅದನ್ನೇ ಅಂತಾರೆ.'

ಅವನು ಕೈಯಲ್ಲಿದ್ದ ಫೋನಿನ ಕಡೆ ನೋಡಿದ. ಮನಸ್ಸಿಗೆ ಪೂರ್ತಿ ಒಪ್ಪಿತೆಂದು ಹೇಳಲಾಗದು. ಮುಖದಲ್ಲಿ ಅರ್ಧ ನಗು, ಅರ್ಧ ಆಮೇಲಿನ ರಾತ್ರಿಗಳ ಅಳುಕು. ಆದರೂ ಫೋನ್ ಎತ್ತಿ, 'ಅಣ್ಣ, ಮೇಸ್ತ್ರಿಗೆ ಮೆಟ್ಟಿಲು ಕಟ್ಟೋಕೆ ಹೇಳು' ಎಂದ. ಆ ಕಡೆಯಿಂದ ಏನೋ ಕೇಳಿತು. 'ಹೌದು. ಅವಳೇ ಹೇಳಿದ್ದು. ನನಗೇ ಹೇಳಿದ್ದು' ಎಂದು ಇಟ್ಟುಬಿಟ್ಟ.

ಉಳಿದ ದಿನಗಳಲ್ಲಿ ಗೈಡಿಗೆ ಕೆಲಸವೇ ಇಲ್ಲವಾಯಿತು. ಇಬ್ಬರೂ ಸೇತುವೆಯ ಮೇಲೆ ನಿಂತು ಏನೇನೋ ಮಾತಾಡುತ್ತಿದ್ದರು. ಮಗಳು ಹುಟ್ಟಿದಾಗಿನ ಮಾತು, ಯಾವುದೋ ಹಳೇ ಜಗಳದ ಮಾತು. ಕೆಲವು ಸಲ ಕೋಪವೂ ಬಂತು. ನಡುವೆ ದಾಟಿಸುವವರಿಲ್ಲದಿದ್ದರೆ ಕೋಪ ನೇರವಾಗಿ ಬಂದು ತಗಲುತ್ತದೆ ಎಂಬುದೂ ಅವರಿಗೆ ಆಗಲೇ ತಿಳಿದದ್ದು.

ಮೆಟ್ಟಿಲು ಸ್ವಲ್ಪ ಸೊಟ್ಟಗೇ ಬಂತು, ಮೇಸ್ತ್ರಿಯ ಕೈಯೇ ಹಾಗೆ. ನಡುಸೊಸೆ ಬಟ್ಟೆಯ ಉರುಳೆಗಳನ್ನು ಒಂದು ಮೂಲೆಗೆ ಸರಿಸಿ ಕಿಟಕಿಯ ಕೆಳಗೆ ಹಾಸಿಗೆ ಹಾಕಿಕೊಂಡಳು. ಹಗಲು ಮನೆಗೆ ಹೋಗಿ ಎಲ್ಲರ ಜೊತೆ ಹೊಲಿಯುತ್ತಾಳೆ, ಪಕ್ಕದ ಮನೆಯಾಕೆಗೆ ಕೇಳುವ ಹಾಗೆ ನಗುತ್ತಾಳೆ. ಗಂಡ ವಾರದಲ್ಲಿ ಕೆಲವು ರಾತ್ರಿ 'ಹೋಗಿ ಬರ್ತೀನಿ ಕಣೇ' ಎಂದು ಅವಳಿಗೇ ಹೇಳಿ, ಅಣ್ಣತಮ್ಮಂದಿರ ಗೊರಕೆಯ ನಡುವೆ ಮಲಗಲು ಹೋಗುತ್ತಾನೆ. ಬೆಳಗಾಗುವ ಮೊದಲೇ ಹಿಂದಕ್ಕೆ ಬಂದುಬಿಡುತ್ತಾನೆ. ಬಂದವನು ಬಾಗಿಲು ತಟ್ಟುವುದಿಲ್ಲ. ಮೇಲಿನ ಮೆಟ್ಟಿಲ ಮೇಲೆ ಕೂತು, ಹಿಂದಿನ ದಿನ ಉಳಿದ ಯಾವುದಾದರೂ ಕೊಡೆಯ ಕಡ್ಡಿಯನ್ನು ಸುತ್ತಿಗೆಯಿಲ್ಲದೆ, ಬರಿಗೈಯಲ್ಲಿ ನೆಟ್ಟಗೆ ಮಾಡುತ್ತಿರುತ್ತಾನೆ. ಬೀದಿಯಲ್ಲಿ ಹೋಗುವವರು, 'ಯಾಕಪ್ಪಾ, ಹೆಂಡತಿ ಒಳಗೆ ಸೇರಿಸಲಿಲ್ವಾ' ಎಂದು ಚುಡಾಯಿಸುತ್ತಾರೆ. ಅವನು ಬೆರಳನ್ನು ತುಟಿಯ ಮೇಲಿಟ್ಟು, 'ಮೆಲ್ಲಗೆ ಮಾತಾಡಿ, ಇನ್ನೂ ಮುಗಿದಿಲ್ಲ' ಎನ್ನುತ್ತಾನೆ.